ಸಿದ್ಧವಾಗುತ್ತಿದೆ

ಶಂಕರಪುರಂ,
ಭಾನುವಾರ, ೧೪ ಸೆಪ್ಟೆಂಬರ್ ೨೦೨೫

ಪ್ರೀತಿಯ ಲೋಹಿತ್,

ನಾನು ಚೆನ್ನಾಗಿದ್ದೇನೆ. ನೀನೂ ಚೆನ್ನಾಗಿದ್ದೀಯ, ಆದರೆ ಇಳಿದುಹೋಗಿದ್ದೀಯ ಎಂದು ನಿನ್ನ ತಮ್ಮ ವಸಂತ್ ಹೇಳಿದ. ನನ್ನ ಫೋನು ನೀನು ಎತ್ತುವುದಿಲ್ಲ, ಮೆಸೇಜು ತೆರೆಯುವುದಿಲ್ಲ. ಆದ್ದರಿಂದ ಕಾಗದ, ಪೆನ್ನು. ವಸಂತ್ ಮಂಗಳವಾರ ದೊಡ್ಡಬಳ್ಳಾಪುರಕ್ಕೆ ಬರುವವನಿದ್ದಾನೆ, ಅವನ ಕೈಯಲ್ಲೇ ಕೊಟ್ಟು ಕಳಿಸುತ್ತೇನೆ. ನಿನ್ನ ಸೋದರಮಾವನ ಸಿಮೆಂಟ್ ಅಂಗಡಿಯಲ್ಲಿ ಕೂರುವಾಗ ಮೂಗಿಗೆ ಬಟ್ಟೆ ಕಟ್ಟಿಕೋ. ಆ ಧೂಳು ನಿನಗೆ ಆಗುವುದಿಲ್ಲ.

ಮೊನ್ನೆ ಅತ್ತೆ ಫೋನ್ ಮಾಡಿದ್ದರು. ಗಂಡನನ್ನು ನೀನು-ತಾನು ಎಂದು ಕರೆಯುವವಳ ಮಾತಿಗೆ ಅವನು ಹೇಗೆ ಬೆಲೆ ಕೊಡುತ್ತಾನೆ, ಅದಕ್ಕೇ ಬಿಟ್ಟುಹೋದ ಎಂದರು. ನನಗೆ ಸಿಟ್ಟು ಬರಲಿಲ್ಲ. ಕಾಲೇಜಿನ ಲ್ಯಾಬಿನಲ್ಲಿ ಪಕ್ಕದ ಕುರ್ಚಿಯಲ್ಲಿ ಕೂತವನನ್ನು ಈಗ ‘ನೀವು’ ಎಂದರೆ ಮೊದಲು ನಗುವವನು ನೀನೇ. ನೀನು ಯಾಕೆ ಹೋದೆ ಎನ್ನುವುದು ಅತ್ತೆಗೆ ಗೊತ್ತಿಲ್ಲ. ನಾನೂ ಹೇಳಿಲ್ಲ.

ನೀನು ಕಟ್ಟಿದ ‘ಕಿವಿಯೋದು’ ಸೈಟು ಮುಚ್ಚಿಹೋಯಿತೆಂದು ನೀನು ತಿಳಿದಿದ್ದೀಯ. ಅದು ಮುಚ್ಚಿಲ್ಲ ಲೋಹಿತ್. ನೀನು ಹೋದ ಮೇಲೆ ಏನೇನಾಯಿತು ಎಂದು ಹೇಳಲಿಕ್ಕೇ ಈ ಕಾಗದ. ನಿನಗೆ ಗೊತ್ತಿರುವುದೂ ನಡುನಡುವೆ ಬರುತ್ತದೆ, ಬೇಸರಪಡಬೇಡ. ಎಲ್ಲಿಂದ ಹೊರಟು ಎಲ್ಲಿಗೆ ಬಂದೆವೆಂದು ನನಗೂ ಒಮ್ಮೆ ನೋಡಿಕೊಳ್ಳಬೇಕಿದೆ.

ಹೊರಟಿದ್ದು ಕಲ್ಯಾಣಮ್ಮನವರಿಂದ. ಕೆಳಗಿನ ಮನೆಯ ಈ ಮುದುಕಿ ಶನಿವಾರ ಬಂತೆಂದರೆ ಮಲ್ಲೇಶ್ವರದ ಅಂಧ ವಿದ್ಯಾರ್ಥಿನಿಯರ ಹಾಸ್ಟೆಲಿಗೆ ಹೋಗಿ ಪಾಠ ಓದಿ ಹೇಳಿ ಬರುತ್ತಿದ್ದರು. ಗಂಟಲಿಗೆ ಆಪರೇಷನ್ ಆಗಿ, ಡಾಕ್ಟರು ಇನ್ನು ಗಟ್ಟಿಯಾಗಿ ಓದಕೂಡದೆಂದಾಗ ಅವರು ಮೆಟ್ಟಿಲ ಮೇಲೆ ಕೂತು ಅತ್ತಿದ್ದನ್ನು ನೀನು ನೋಡಿದೆ. ಮಾರನೇ ದಿನದಿಂದಲೇ ನಿನ್ನ ಕೆಲಸ ಶುರುವಾಯಿತು. ಹುಡುಗಿಯರು ಪುಸ್ತಕದ ಪುಟಗಳ ಫೋಟೋ ತೆಗೆಸಿ ಕಳಿಸಬೇಕು; ಯಂತ್ರ ಆ ಅಕ್ಷರಗಳನ್ನು ಗುರುತಿಸಿ, ಓದಿ, ಧ್ವನಿಯಾಗಿ ಫೋನಿಗೆ ಹಿಂದಿರುಗಿಸಬೇಕು. ನೀನು ಕೆಲಸ ಬಿಟ್ಟು ಇದಕ್ಕೇ ಕೂತಾಗ ನಾನು ಬೇಡವೆನ್ನಲಿಲ್ಲ. ಆ ದಿನಗಳಲ್ಲಿ ನಿನ್ನ ಮುಖ ನೋಡಿದ್ದರೆ ಯಾರೂ ಬೇಡವೆನ್ನುತ್ತಿರಲಿಲ್ಲ.

ಮೊದಲ ಪಾಠ ಧ್ವನಿಯಾಗಿ ಬಂದ ದಿನ ಕಲ್ಯಾಣಮ್ಮ ನಿನ್ನ ತಲೆ ಮುಟ್ಟಿ ಆಶೀರ್ವಾದ ಮಾಡಿದರು. ಹಾಸ್ಟೆಲಿನಿಂದ ಮೊದಲು ಫೋನ್ ಮಾಡಿದವಳು ರಕ್ಷಿತಾ. ಇತಿಹಾಸದಲ್ಲಿ ಎಂ.ಎ. ಕೊನೆಯ ವರ್ಷ, ಚಿತ್ರದುರ್ಗದ ಕಡೆಯ ಹುಡುಗಿ. ಯಂತ್ರ ಹಲ್ಮಿಡಿ ಶಾಸನವನ್ನು ‘ಹಲ್ಲಿಮಿಡಿ ಶಾಸನ’ ಎಂದು ಓದಿದೆಯೆಂದು ಅವಳು ನಕ್ಕಿದ್ದು ಸ್ಪೀಕರಿನಲ್ಲಿ ನನಗೂ ಕೇಳಿಸಿತ್ತು. ನೀನು ಅವಳಿಗೆ ಅರ್ಧ ಗಂಟೆ ಕೂತು ಎಲ್ಲ ವಿವರಿಸಿದೆ. ನಿನ್ನ ಹಾಗೆ ಸಹನೆಯಿಂದ ಮಾತಾಡುವವರನ್ನು ತಾನು ಕಂಡಿಲ್ಲವೆಂದು ಅವಳು ಆಮೇಲೆ ಹಾಸ್ಟೆಲಿನಲ್ಲೆಲ್ಲ ಹೇಳಿಕೊಂಡು ಬಂದಳಂತೆ.

ಅವಳೇ ಪರೀಕ್ಷೆಗೆ ಮುಂಚೆ ಆ ದಪ್ಪ ಪುಸ್ತಕ ಕಳಿಸಿದಳು. ಅಷ್ಟು ಪುಟದ ಪುಸ್ತಕ ಅದುವರೆಗೆ ಯಾರೂ ಕಳಿಸಿರಲಿಲ್ಲ. ಅವಳ ಫೋನು ‘ಪುಸ್ತಕ ಬಂದಿದೆ, ಸಿದ್ಧವಾಗುತ್ತಿದೆ’ ಎಂದಿತು. ಮರುದಿನವೂ ಅದೇ. ವಾರಗಳು ಕಳೆದರೂ ಅದೇ. ಅವಳು ಕೇಳಿದಾಗಲೆಲ್ಲ, ದೊಡ್ಡ ಪುಸ್ತಕ, ಹೊತ್ತು ಹಿಡಿಯುತ್ತದೆ, ಆಗುತ್ತಿದೆ ಎಂದು ನೀನು ಹೇಳಿದೆ. ನಂಬಿಯೇ ಹೇಳಿದೆ, ಅದು ನನಗೆ ಗೊತ್ತು. ನಾಳೆ ಪರೀಕ್ಷೆ ಎನ್ನುವಾಗ ಅವಳು ಫೋನ್ ಮಾಡಿ, ಇನ್ನು ಬೇಡ ಅಣ್ಣ, ಬಿಟ್ಟುಬಿಡಿ ಎಂದಳಲ್ಲ, ಆಗ ನೀನು ಲ್ಯಾಪ್‌ಟಾಪ್ ತೆಗೆದು ನೋಡಿದೆ. ಅವಳ ಪುಸ್ತಕದ ಕೆಲಸ ಮೊದಲ ಕೆಲವು ಪುಟಗಳಿಂದಾಚೆಗೆ ನಡೆದೇ ಇರಲಿಲ್ಲ.

ಆವತ್ತು ನೀನು ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ. ಸೈಟನ್ನು ನಿಲ್ಲಿಸಿದೆ. ಬೆಳಿಗ್ಗೆ ಎದ್ದು, ಎರಡು ದಿನ ಮಾವನ ಮನೆಯಲ್ಲಿದ್ದು ಬರುತ್ತೇನೆಂದು ಚೀಲ ಹಿಡಿದು ಹೊರಟೆ. ನಾನು ಆಫೀಸಿನ ಆನ್‌ಲೈನ್ ಮೀಟಿಂಗಿನಲ್ಲಿದ್ದವಳು, ಕಿವಿಯಿಂದ ಇಯರ್‌ಫೋನ್ ಕೂಡ ತೆಗೆಯದೆ ಕೈ ಆಡಿಸಿದೆ. ಅದು ಈಗಲೂ ಕಣ್ಣ ಮುಂದೆ ಬರುತ್ತದೆ. ಎದ್ದು ಬಾಗಿಲಿಗಾದರೂ ಬಂದಿದ್ದರೆ ನೀನು ನಿಲ್ಲುತ್ತಿದ್ದೆಯೋ ಏನೋ.

ನೀನು ಹೋದ ಎರಡು ದಿನಕ್ಕೇ ಹಾಸ್ಟೆಲಿನ ವಾರ್ಡನ್ ಶಕುಂತಲಮ್ಮ ಫೋನ್ ಮಾಡಿದರು. ಮಿಕ್ಕ ಹುಡುಗಿಯರ ಹಳೆಯ ಪಾಠಗಳೂ ಕೇಳಿಸುತ್ತಿಲ್ಲ, ಏನಾಯಿತು ಎಂದು. ಒಂದು ಪುಸ್ತಕಕ್ಕೋಸ್ಕರ ನೀನು ಎಲ್ಲವನ್ನೂ ಮುಚ್ಚಿಬಿಟ್ಟಿದ್ದೆ. ನನಗೆ ಆಗ ನಿಜಕ್ಕೂ ಕೋಪ ಬಂತು. ಫೋನಿನಲ್ಲಿ ಬಯ್ಯೋಣವೆಂದರೆ ನೀನು ಎತ್ತಲಿಲ್ಲ. ಸರಿ, ಆಫೀಸಿಗೆ ರಜೆ ಹಾಕಿ ನಾನೇ ಕೂತೆ.

ಹಳೆಯ ಪಾಠಗಳನ್ನು ಅದೇ ದಿನ ಮತ್ತೆ ತೆರೆದೆ. ಆಮೇಲೆ ರಕ್ಷಿತಾಳ ಪುಸ್ತಕ ಹುಡುಕಿದೆ. ಅದು ಎಲ್ಲಿಗೂ ಹೋಗಿರಲಿಲ್ಲ. ಅವಳು ಕಳಿಸಿದ ಪುಟಗಳೆಲ್ಲ, ಒಂದೂ ಬಿಡದೆ, ಸಾಲಾಗಿ ಅಲ್ಲೇ ಕೂತಿದ್ದವು. ಮೊದಲ ಕೆಲವನ್ನು ಬಿಟ್ಟು ಮಿಕ್ಕವನ್ನು ಓದಲು ಅಲ್ಲಿ ಯಾರೂ ಉಳಿದಿರಲಿಲ್ಲ, ಅಷ್ಟೇ.

ಕಲ್ಯಾಣಮ್ಮ ಮೇಲೆ ಬಂದು, ತಪ್ಪು ಏನೆಂದು ತಿಳಿಯುವ ಹಾಗೆ ಹೇಳು ಎಂದರು. ನಾನು ಹೇಳಿದೆ: ನಮಗೆ ಸ್ವಂತ ಸರ್ವರ್ ಇಲ್ಲ. ಬೇರೆಯವರ ಕಂಪ್ಯೂಟರಿನಲ್ಲಿ ನಮ್ಮ ಪ್ರೋಗ್ರಾಮು ಮಲಗಿರುತ್ತದೆ. ಯಾರಾದರೂ ಕರೆದಾಗ ಏಳುತ್ತದೆ, ಉತ್ತರ ಕೊಡುತ್ತದೆ, ಕೊಟ್ಟ ಕೂಡಲೇ ಅದನ್ನು ಮತ್ತೆ ಮಲಗಿಸಿಬಿಡುತ್ತಾರೆ. ಲೋಹಿತ್ ಮೊದಲು ‘ಸಿದ್ಧವಾಗುತ್ತಿದೆ’ ಎಂದು ಉತ್ತರ ಕೊಟ್ಟು, ಆಮೇಲೆ ಓದುವ ಕೆಲಸ ಮುಂದುವರಿಯಲಿ ಎಂದು ಬರೆದಿದ್ದ. ಹತ್ತು ಪುಟದ ಪಾಠವಾದರೆ ಮಲಗುವಷ್ಟರಲ್ಲಿ ಹೇಗೋ ಮುಗಿದುಹೋಗುತ್ತಿತ್ತು. ಪುಸ್ತಕವಿಡೀ ಆದಾಗ ಮುಗಿಯಲಿಲ್ಲ. ಮುಗಿಯಲಿಲ್ಲವೆಂದು ಹೇಳಲು ಅಲ್ಲಿ ಯಾರೂ ಎಚ್ಚರವಿರಲಿಲ್ಲ.

ಅವರು ಆ ಗೊಗ್ಗರು ಧ್ವನಿಯಲ್ಲಿ ಕೇಳಿದ್ದು ಒಂದೇ: “ಇದು ಅವನಿಗೆ ಗೊತ್ತಾದಾಗ ಪಕ್ಕದಲ್ಲಿ ಯಾರಿದ್ರಮ್ಮ?”

ಸರಿಪಡಿಸುವುದು ಕಷ್ಟವಾಗಿರಲಿಲ್ಲ, ಅದೇ ಹೊಟ್ಟೆ ಉರಿಸುವ ಸಂಗತಿ. ಪುಸ್ತಕ ಬಂದ ಕೂಡಲೇ ಪ್ರತಿ ಪುಟಕ್ಕೂ ಒಂದೊಂದು ಕೆಲಸವೆಂದು ಬರೆದು ಸರದಿಯಲ್ಲಿ ನಿಲ್ಲಿಸುವುದು. ಉತ್ತರ ಕೊಡುವ ಪ್ರೋಗ್ರಾಮಿನ ಪಾಲು ಅಲ್ಲಿಗೆ ಮುಗಿಯಿತು. ಹಿಂದೆ ಬೇರೊಂದು ಪ್ರೋಗ್ರಾಮು, ನಾವು ವರ್ಕರ್ ಅನ್ನುತ್ತೇವಲ್ಲ ಅದು, ಸರದಿಯಿಂದ ಒಂದೊಂದೇ ಪುಟ ಎತ್ತಿಕೊಂಡು ಓದುತ್ತದೆ. ಓದಿ ಮುಗಿಸಿದೆನೆಂದು ಒಪ್ಪಿಸಿದರೆ ಮಾತ್ರ ಆ ಪುಟ ಸರದಿಯಿಂದ ಹೋಗುತ್ತದೆ. ನಡುವೆ ನಿಂತುಹೋದರೆ ಪುಟ ಮತ್ತೆ ಸರದಿಗೆ ಬರುತ್ತದೆ. ಎಷ್ಟು ಸಲ ಪ್ರಯತ್ನಿಸಿದರೂ ಆಗದ ಪುಟವನ್ನು ಬೇರೆ ಕಡೆ ಎತ್ತಿಟ್ಟು ಮನುಷ್ಯರಿಗೆ ತೋರಿಸುತ್ತದೆ.

ಮೊದಲ ಪ್ರಯತ್ನದಲ್ಲಿ ನಾನೂ ಎಡವಿದೆ. ಪ್ರಯೋಗಕ್ಕೆಂದು ಹಾಕಿದ್ದ ಸಣ್ಣ ಪುಸ್ತಕವನ್ನು ಕಲ್ಯಾಣಮ್ಮ ಫೋನು ಕಿವಿಗಿಟ್ಟು ಕೇಳುತ್ತಿದ್ದವರು, ಹೊಯ್ಸಳರ ಈ ಯುದ್ಧ ಒಂದೇ ಸಲ ತಾನೇ ಆಗಿದ್ದು, ಇದು ಎರಡೆರಡು ಸಲ ಹೇಳುತ್ತಿದೆ ಎಂದರು. ವರ್ಕರ್ ಕೆಲಸ ಮುಗಿಸಿ ಒಪ್ಪಿಸುವ ಮೊದಲೇ ನಿಂತಿತ್ತು. ಆ ಪುಟ ಸರದಿಗೆ ಮರಳಿ, ಎರಡನೇ ಸಲ ಓದಿಸಿಕೊಂಡು, ಪುಸ್ತಕದಲ್ಲಿ ಎರಡು ಸಲ ಸೇರಿತ್ತು. ಒಂದೇ ಪುಟ ಎಷ್ಟು ಸಲ ಬಂದರೂ ಅದರ ಜಾಗ ಒಂದೇ ಇರುವ ಹಾಗೆ ಬದಲಿಸಿದೆ. ಅಕ್ಷರ ಅಳಿಸಿಹೋದ ಪುಟಗಳು ಪಕ್ಕಕ್ಕೆ ಬಂದಾಗ ಕಲ್ಯಾಣಮ್ಮ ಕನ್ನಡಕ ಏರಿಸಿಕೊಂಡು ತಾವೇ ಓದಿ ಟೈಪ್ ಮಾಡಿಕೊಟ್ಟರು. ಗಂಟಲು ಹೋದರೇನು, ಕಣ್ಣಿದೆಯಲ್ಲ ಎಂದರು. ಆ ದಿನಗಳಲ್ಲಿ ನಾವಿಬ್ಬರೂ ಊಟ ಒಟ್ಟಿಗೇ ಮಾಡುತ್ತಿದ್ದೆವು. ನಿನ್ನ ಹೆಸರು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ.

ರಜೆ ಮುಗಿದು, ಆಫೀಸಿನ ನಡುವೆ ರಾತ್ರಿ ಹೊತ್ತು ಕೂತು, ತಿಂಗಳುಗಳ ಮೇಲೆ ಎಲ್ಲ ಸರಿಹೋಯಿತೆನಿಸಿದಾಗ, ದೊಡ್ಡ ಪುಸ್ತಕವನ್ನು ತಡೆದುಕೊಳ್ಳುತ್ತದೋ ನೋಡೋಣವೆಂದು ರಕ್ಷಿತಾಳ ಪುಟಗಳನ್ನೇ ಸರದಿಗೆ ಹಾಕಿದೆ. ಅವಳು ಬೇಸಿಗೆಯಿಡೀ ಕಾದ ಪುಸ್ತಕ ಒಂದು ಮಧ್ಯಾಹ್ನದಲ್ಲಿ ಮುಗಿಯಿತು ಲೋಹಿತ್. ನಾನು ಬಟ್ಟೆ ಒಗೆದು ಒಣಹಾಕಿ ಬರುವಷ್ಟರಲ್ಲಿ ಮುಗಿದಿತ್ತು.

ಆದರೆ ಒಂದು ವಿಷಯ ಮರೆತಿದ್ದೆ. ಕೊನೆಯ ಪುಟ ಮುಗಿದರೆ ಪುಸ್ತಕ ಕಳಿಸಿದವರಿಗೆ ಸುದ್ದಿ ಹೋಗಬೇಕೆಂದು ನಾನೇ ಸೇರಿಸಿದ್ದೆ. ಹೋಯಿತು. ಪರೀಕ್ಷೆ ಮುಗಿದು, ಫಲಿತಾಂಶ ಬಂದು, ಆ ಒಂದು ಪತ್ರಿಕೆಯಲ್ಲಿ ಅವಳು ಫೇಲಾಗಿ ವಾರಗಳೇ ಕಳೆದ ಮೇಲೆ, ಅವಳ ಫೋನು ‘ನಿಮ್ಮ ಪುಸ್ತಕ ಸಿದ್ಧವಾಗಿದೆ’ ಎಂದಿತು.

ಸಂಜೆ ಫೋನ್ ಬಂತು. ನಿನ್ನ ನಂಬರಿಗೆ ಮಾಡಿ, ಸಿಗದೆ, ಕಲ್ಯಾಣಮ್ಮನವರಿಂದ ನನ್ನ ನಂಬರು ತೆಗೆದುಕೊಂಡಿದ್ದಳು. “ಅಕ್ಕಾ, ನನ್ನ ಪುಸ್ತಕ ರೆಡಿ ಆಯ್ತಂತೆ,” ಎಂದಳು. ಬಯ್ಗುಳ ಬರುತ್ತದೆಂದು ನಾನು ಕಾದೆ. ಬರಲಿಲ್ಲ. ಅವಳ ದನಿಯಲ್ಲಿ ವ್ಯಂಗ್ಯವೂ ಇರಲಿಲ್ಲ. ನಾನು ತಡವರಿಸುತ್ತ ಕ್ಷಮೆ ಕೇಳಿದೆ, ನಡೆದದ್ದನ್ನು ಹೇಳಿದೆ. ಅವಳು ಎಲ್ಲ ಕೇಳಿಸಿಕೊಂಡು, ಲೋಹಿತ್ ಅಣ್ಣನನ್ನು ಒಮ್ಮೆ ನೋಡಬೇಕು, ಮನೆಗೆ ಬರಬಹುದೇ ಎಂದು ಕೇಳಿದಳು.

ಆಗಸ್ಟಿನ ಆ ಭಾನುವಾರ ನಿನಗೆ ನೆನಪಿರುತ್ತದೆ. ಬಾ ಎಂದು ವಸಂತನ ಕೈಲಿ ಹೇಳಿ ಕಳಿಸಿದ್ದೆ. ಬರುತ್ತಾನಂತೆ ಎಂದು ಅವನು ಬಂದು ಹೇಳಿದಾಗ ನಾನು ಹುಚ್ಚಿಯ ಹಾಗೆ ಮನೆಯೆಲ್ಲ ಒರೆಸಿದೆ. ಕಲ್ಯಾಣಮ್ಮ ಗೊಜ್ಜವಲಕ್ಕಿ ಮಾಡಿದರು. ನಾನು ನ್ಯಾಷನಲ್ ಕಾಲೇಜ್ ಮೆಟ್ರೋ ಸ್ಟೇಷನ್ನಿಗೆ ಹೋಗಿ ರಕ್ಷಿತಾಳನ್ನು ಕರೆದುಕೊಂಡು ಬಂದೆ. ಸಣ್ಣ ಹುಡುಗಿ, ಎರಡು ಜಡೆ. ನನ್ನ ಮೊಣಕೈ ಹಿಡಿದು ನಡೆಯುತ್ತ, ಇಲ್ಲಿ ಕಾಫಿಪುಡಿ ಅಂಗಡಿ ಇದೆ ಅಲ್ವಾ, ಇಲ್ಲಿ ಹೂವಿನವರು ಕೂತಿದ್ದಾರೆ ಅಲ್ವಾ ಎಂದು ದಾರಿಯುದ್ದಕ್ಕೂ ನನಗೇ ಹೇಳುತ್ತ ಬಂದಳು.

ನಿನ್ನ ಕುರ್ಚಿಯಲ್ಲಿ ಕೂತಳು. ಮೊದಲು ಅದೂ ಇದೂ ಮಾತಾಡಿದೆವು. ಆಮೇಲೆ ತಾನಾಗಿಯೇ ಹೇಳಿದಳು. ಹಾಸ್ಟೆಲಿನಲ್ಲಿ ಶಕುಂತಲಮ್ಮ ಕಾಲೇಜು ಹುಡುಗಿಯರನ್ನು ಗೊತ್ತುಮಾಡಿ, ಯಾರಿಗೆ ಬೇಕೋ ಅವರಿಗೆ ಪಾಠ ಓದಿ ಹೇಳಿಸುತ್ತಿದ್ದರಂತೆ. ನಿನಗೂ ಬೇಕಾ ಎಂದು ಇವಳನ್ನು ಕೇಳಿದರಂತೆ. ಇವಳ ಫೋನಿನಲ್ಲಿ ‘ಸಿದ್ಧವಾಗುತ್ತಿದೆ’ ಎಂದು ಇತ್ತಲ್ಲ. ನನ್ನದು ಬರುತ್ತದೆ, ಓದಿ ಹೇಳುವವರನ್ನು ಬೇರೆ ಯಾರಿಗಾದರೂ ಕೊಡಿ ಎಂದಳಂತೆ.

“ಕೆಟ್ಟೋಗಿದ್ದಕ್ಕೆ ನಂಗೆ ಬೇಜಾರಿಲ್ಲ ಅಕ್ಕಾ. ಆಗ್ತಿಲ್ಲ ಅಂತ ಒಂದು ಮಾತು ಬಂದಿದ್ರೆ ಸಾಕಿತ್ತು. ಕಾಯ್ತಾ ಕೂರ್ತಿರ್ಲಿಲ್ಲ,” ಎಂದಳು.

ಮಲ್ಲೇಶ್ವರದ ಒಂದು ಕಾಲೇಜಿನಲ್ಲಿ ಅವಳಿಗೆ ಅತಿಥಿ ಉಪನ್ಯಾಸಕಿಯ ಕೆಲಸ ಮಾತಾಗಿತ್ತಂತೆ. ಎಂ.ಎ. ಮುಗಿದಿದ್ದರೆ ಈ ಜುಲೈಗೆ ಸೇರಬೇಕಿತ್ತು. ಅದನ್ನೂ ಅವಳು ದೂರಿನ ಹಾಗೆ ಹೇಳಲಿಲ್ಲ. ನಾನು ಕೇಳಿದ್ದಕ್ಕೆ ಹೇಳಿದಳು.

ಹನ್ನೊಂದಕ್ಕೆ ಬರುತ್ತೇನೆಂದವನು ನೀನು. ಗೊಜ್ಜವಲಕ್ಕಿ ಆರಿತು, ಮತ್ತೆ ಬಿಸಿ ಮಾಡಿದೆವು. ಕೆಳಗೆ ಗೇಟು ಸದ್ದಾದಾಗಲೆಲ್ಲ ನನಗಿಂತ ಮೊದಲು ಅವಳು ಮುಖ ಆ ಕಡೆ ತಿರುಗಿಸುತ್ತಿದ್ದಳು. ಪಕ್ಕದ ಮನೆಯವರು, ಗ್ಯಾಸಿನವನು, ಕೊರಿಯರು. ಬಸ್ಸು ತಡವಾಗಿರಬೇಕು ಎಂದು ನಾನು ಹೇಳಿದೆ. ದಾರಿಯಲ್ಲಿದ್ದಾನೆ ಎಂದೂ ಹೇಳಿದೆ. ಹೇಳಿದ ಮೇಲೆ ನನ್ನ ಬಾಯಿಗೇ ಅದು ಕಹಿಯಾಯಿತು. ದೀಪ ಹಚ್ಚುವ ಹೊತ್ತಿಗೆ ಅವಳು, ಹಾಸ್ಟೆಲಿನ ಗೇಟು ಹಾಕುತ್ತಾರೆ ಎಂದು ಎದ್ದಳು. ಮೆಟ್ರೋವರೆಗೆ ಬಿಟ್ಟುಬಂದೆ. ಹೋಗುವಾಗ ನಿನ್ನ ಬಗ್ಗೆ ಏನೂ ಹೇಳಲಿಲ್ಲ.

ಬಸ್ಸು ತಡವಾಗಿರಲಿಲ್ಲವೆಂದು ವಾರದ ಮೇಲೆ ಗೊತ್ತಾಯಿತು. ವಸಂತ್ ಬಹಳ ಹಿಂಜರಿದು ಹೇಳಿದ. ನೀನು ಮಾವನ ಬೈಕಿನಲ್ಲಿ ಬಂದಿದ್ದೆ. ಎನ್.ಆರ್. ಕಾಲೋನಿಯ ಹೋಟೆಲಿನ ಮುಂದೆ ಬೈಕು ನಿಲ್ಲಿಸಿ, ಕಾಫಿಯ ಲೋಟ ಹಿಡಿದು ನಿಂತಿದ್ದೆಯಂತೆ. ದಾರಿಯಲ್ಲಿ ಕಂಡು ಅವನು ಹತ್ತಿರ ಬಂದು ಮಾತಾಡಿಸಿದರೆ, ಹೋಗಿ ಏನು ಹೇಳಲಿ ಎಂದೆಯಂತೆ. ಆಮೇಲೆ ಬೈಕು ತಿರುಗಿಸಿಕೊಂಡು ಹೋದೆ. ಮನೆಗೆ ಅಲ್ಲಿಂದ ಎಷ್ಟು ದೂರ ಲೋಹಿತ್? ನಾವು ತರಕಾರಿ ಚೀಲ ಹಿಡಿದು ಮಾತಾಡುತ್ತ ನಡೆದುಬಿಡುತ್ತಿದ್ದೆವು.

ಏನೂ ಹೇಳಬೇಕಾಗಿರಲಿಲ್ಲ. ಬಂದು ಕೂತಿದ್ದರೆ ಸಾಕಿತ್ತು.

ಆ ತಿಂಗಳ ಕೊನೆಗೆ ರಕ್ಷಿತಾ ಊರಿಗೆ ಹೋದಳು. ಓದು ಮುಗಿದವರಿಗೆ ಹಾಸ್ಟೆಲಿನಲ್ಲಿ ಜಾಗವಿಲ್ಲ. ಅವಳ ತಂದೆ ಆಂಜಿನಯ್ಯ ಬಂದು ಟ್ರಂಕು ಕಟ್ಟಿಸಿಕೊಂಡು ಹೋದರಂತೆ. ಊರಿನ ಸಹಕಾರಿ ಬ್ಯಾಂಕಿನಲ್ಲಿ ಫೋನ್ ಎತ್ತುವ ಕೆಲಸ ಸಿಕ್ಕಿದೆ. ಆ ಪತ್ರಿಕೆ ಮತ್ತೆ ಬರೆಯುತ್ತೀಯಾ ಎಂದು ಕೇಳಿದ್ದಕ್ಕೆ, ಬರೀತೀನಿ ಅಕ್ಕಾ ಎಂದಳು. ಬರೆಯುತ್ತಾಳೋ ಇಲ್ಲವೋ ನನಗೆ ತಿಳಿಯದು. ಫೋನ್ ಮಾಡುವುದು ಕಡಿಮೆಯಾಗಿದೆ.

ಕಿವಿಯೋದು ನಡೆಯುತ್ತಿದೆ. ಈಗ ತುಮಕೂರಿನಿಂದಲೂ ಮಕ್ಕಳು ಪುಸ್ತಕ ಕಳಿಸುತ್ತಾರೆ. ‘ಸಿದ್ಧವಾಗುತ್ತಿದೆ’ ಎಂಬ ಮಾತನ್ನು ತೆಗೆದುಹಾಕಿದ್ದೇನೆ. ಇಷ್ಟು ಪುಟ ಆಗಿದೆ, ಇಷ್ಟು ಉಳಿದಿದೆ, ಈ ಪುಟ ನಮ್ಮಿಂದ ಓದಲಾಗಲಿಲ್ಲ, ಕಾಯಬೇಡಿ ಎಂದೇ ಹೇಳುತ್ತದೆ. ಮಿಕ್ಕಂತೆ ನೀನು ಬರೆದದ್ದನ್ನು ಹಾಗೇ ಇಟ್ಟಿದ್ದೇನೆ. ಅಕ್ಷರ ಗುರುತಿಸುವ ಭಾಗವನ್ನು ನೀನು ಎಷ್ಟು ಚೆನ್ನಾಗಿ ಬರೆದಿದ್ದೀಯೆಂದು ಒಳಗೆ ಕೂತು ನೋಡಿದ ಮೇಲೇ ನನಗೆ ಗೊತ್ತಾಗಿದ್ದು. ಎದುರಿಗೆ ಇದ್ದಾಗ ಹೇಳಲಿಲ್ಲ. ಆಫೀಸು, ಮನೆ ಎಂದು ಓಡಾಡುತ್ತ, ನೋಡೋಣ ಆಮೇಲೆ, ನೋಡೋಣ ಆಮೇಲೆ ಎಂದು ಆ ಹೊತ್ತೇ ಕಳೆದುಹೋಯಿತು.

ನಿನ್ನನ್ನು ಕರೆಯಲು ಬರೆದ ಕಾಗದವಲ್ಲ ಇದು. ಕರೆದರೆ ಬರುತ್ತೇನೆಂದು ಹೇಳಿ ಮತ್ತೆ ಕಾಫಿ ಕುಡಿದು ಹಿಂದಿರುಗಿದರೆ ನನ್ನಿಂದ ತಡೆಯಲಾಗದು. ಬರುವ ಮನಸ್ಸಿದ್ದರೆ ಬಾ. ಇಲ್ಲವಾದರೆ ಇಲ್ಲವೆಂದು ಒಂದು ಸಾಲು ಬರೆದು ವಸಂತನ ಕೈಯಲ್ಲಿ ಕೊಡು, ನಾನು ಓದಿಕೊಳ್ಳುತ್ತೇನೆ. ‘ನೋಡೋಣ’ ಎಂದು ಮಾತ್ರ ಹೇಳಿ ಕಳಿಸಬೇಡ.

ಆರೋಗ್ಯ ನೋಡಿಕೋ. ಕಲ್ಯಾಣಮ್ಮ ನಿನ್ನನ್ನು ಕೇಳಿದ್ದಾರೆ.

‘ನಿನ್ನ’ ಎಂದು ಬರೆಯಬೇಕೋ ಬೇಡವೋ ತಿಳಿಯದೆ,
ಯಶಶ್ರೀ

ಮರೆತ ಮಾತು: ಮರೆತಿರಲಿಲ್ಲ, ಬೇಕೆಂದೇ ಬಿಟ್ಟಿದ್ದೆ. ರಕ್ಷಿತಾ ಹೋಗುವಾಗ ನಿನ್ನ ಬಗ್ಗೆ ಏನೂ ಹೇಳಲಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಮೆಟ್ರೋ ಮೆಟ್ಟಿಲ ಹತ್ತಿರ ನಿಂತು ಚೀಲದಿಂದ ಒಂದು ದಪ್ಪ ಪುಸ್ತಕ ತೆಗೆದಳು. ಮರುಪರೀಕ್ಷೆಗೆ ಓದಬೇಕಾದ ಎರಡನೇ ಪುಸ್ತಕ. “ಇದನ್ನ ಅಣ್ಣನ ಕೈಗೇ ಕೊಡೋಣ ಅಂತ ತಂದಿದ್ದೆ ಅಕ್ಕಾ. ಇದೊಂದು ಮಾಡ್ಕೊಟ್ರೆ ಅವ್ರಿಗೂ ಸಮಾಧಾನ ಆಗುತ್ತೆ ಅಂದ್ಕೊಂಡೆ,” ಎಂದಳು. ನನಗೆ ಕೊಡು, ನಾನು ಮಾಡಿಸುತ್ತೇನೆ ಎಂದು ಕೈ ಚಾಚಿದೆ. ಬೇಡ ಅಕ್ಕಾ ಎಂದು ಪುಸ್ತಕವನ್ನು ಮತ್ತೆ ಚೀಲದೊಳಗೆ ಇಟ್ಟುಕೊಂಡು ಹೋದಳು.